ಬೇರಿಂಗ್ ಯಾಕೆ ಹೋಯ್ತು ಅಂತ ಕೇಳೋ ಕೆಲಸ: ಸಿಮೆಂಟ್ ಪ್ಲಾಂಟಲ್ಲಿ ರಿಲಯಬಿಲಿಟಿ ಇಂಜಿನಿಯರ್ ಆಗಿ ಮೊದಲ ವರ್ಷ

ಮೊನ್ನೆ ಕಾಲೇಜಿನ ಜೂನಿಯರ್ ಒಬ್ಬ ಫೋನ್ ಮಾಡಿದ್ದ, ಅಣ್ಣ ನಂಗೆ ಸಿಮೆಂಟ್ ಫ್ಯಾಕ್ಟರಿಲಿ ರಿಲಯಬಿಲಿಟಿ ಇಂಜಿನಿಯರ್ ಅಂತ ಕೆಲಸ ಸಿಕ್ಕಿದೆ, ಆದ್ರೆ ಅದು ಏನ್ ಕೆಲಸ ಅಂತ ನಂಗೂ ಗೊತ್ತಿಲ್ಲ ಅಲ್ಲಿ ಇರೋರಿಗೂ ಗೊತ್ತಿಲ್ಲ, ಎಲ್ರೂ ನನ್ನ ಪವರ್‌ಪಾಯಿಂಟ್ ಮಾಡೋ ಹುಡುಗ ಅಂದ್ಕೊಂಡಿದಾರೆ ಅಂತ. ನಗು ಬಂತು, ಯಾಕಂದ್ರೆ ಕಲಬುರಗಿ ಕಡೆ ಒಂದು ಪ್ಲಾಂಟಿಗೆ ನಾನು ಸೇರಿದಾಗ್ಲೂ ಇದೇ ಕಥೆ. ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ. ಸ್ಟೀಲು, ಪವರ್, ಶುಗರ್ ಪ್ಲಾಂಟಲ್ಲಿ ಇರೋರಿಗೂ ಮುಕ್ಕಾಲು ಪಾಲು ಹೊಂದತ್ತೆ.

ಮೆಂಟೆನೆನ್ಸ್‌ನವರು ನಿಂತಿರೋ ಮಷೀನ್ ಬೇಗ ಎಬ್ಬಿಸ್ತಾರೆ. ಅದೇ ಮಷೀನ್ ಅದೇ ಕಾರಣಕ್ಕೆ ಮೂರನೇ ಸಲ ಯಾಕೆ ನಿಂತಿತು ಅಂತ ಹುಡುಕೋದು ನಿಮ್ಮ ಕೆಲಸ. ಅಷ್ಟೇ ವ್ಯತ್ಯಾಸ. ಬ್ರೇಕ್‌ಡೌನ್ ರಿಜಿಸ್ಟರ್ ತೆಗೆದು ನೋಡಿ, ಹತ್ತರಲ್ಲಿ ಎಂಟು ಕಡೆ ಒಂದೇ ವಾಕ್ಯ ಇರತ್ತೆ: "ಬೇರಿಂಗ್ ಡ್ಯಾಮೇಜ್ ಆಗಿತ್ತು, ಹೊಸದು ಹಾಕಲಾಯಿತು." ಈ ವಾಕ್ಯ ಇರೋತನಕ ನಿಮಗೆ ಕೆಲಸ ಇದೆ ಅಂದ್ಕೊಳಿ.

ಮೊದಲ ಎರಡು ವಾರ ಲ್ಯಾಪ್‌ಟಾಪ್ ತೆಗೀಬೇಡಿ. ಒಂದು ಪಾಕೆಟ್ ನೋಟ್‌ಬುಕ್, ಪೆನ್, ಟಾರ್ಚ್ ಇಟ್ಕೊಂಡು ಲೈಮ್‌ಸ್ಟೋನ್ ಕ್ರಷರಿಂದ ಪ್ಯಾಕಿಂಗ್ ಪ್ಲಾಂಟ್‌ವರೆಗೂ ನಡೀರಿ, ಮೇ ತಿಂಗಳಾದ್ರೆ ಬೆಳಗ್ಗೆ ಹತ್ತರೊಳಗೆ ಮುಗಿಸ್ಕೊಳಿ, ನಮ್ಮ ಕಡೆ ಬಿಸಿಲು ಗೊತ್ತಲ್ಲ, ಪ್ರೀಹೀಟರ್ (ಕಚ್ಚಾ ಪುಡಿ ಕಾಯಿಸೋ ಎತ್ತರದ ಟವರ್) ಮೇಲೆ ಹತ್ತಿದ್ರೆ ಕೈಕಂಬಿ ಹಿಡಿಯಕ್ಕಾಗಲ್ಲ. ಮುಖ್ಯವಾಗಿ ಗ್ರೀಸ್ ಹೊಡಿಯೋ ಹುಡುಗ್ರ ಜೊತೆ, ಇಪ್ಪತ್ತು ವರ್ಷದಿಂದ ಅಲ್ಲೇ ಇರೋ ಫಿಟ್ಟರ್‌ಗಳ ಜೊತೆ ಓಡಾಡಿ, ಚಾ ಕುಡೀರಿ. ಅವ್ರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳಿ, ನಿಮ್ಮ ಟೆಕ್ನಿಕಲ್ ಭಾಷೆಗೆ ತಿರುಗಿಸಬೇಡಿ. ನಂಗೆ ಮೊದಲ ವಾರನೇ ಒಬ್ಬ ಹಳೇ ಫಿಟ್ಟರ್ ಒಂದು ಬಿಸಿ ಗ್ಯಾಸ್ ಫ್ಯಾನ್ ತೋರಿಸಿ ಹೇಳಿದ್ದ: "ಸರ, ಈ ಫ್ಯಾನ್ ಚಾಲೂ ಮಾಡಿದಾಗ ಚಲೋ ಇರ್ತದ್ರಿ, ಗ್ಯಾಸ್ ಕಾದ ಮ್ಯಾಲ ಕುಂಯ್ ಅಂತದ ನೋಡ್ರಿ." ಬರ್ಕೊಂಡೆ. ಅದರ ಅರ್ಥ ತಿಳಿಯಕ್ಕೆ ಎಂಟು ತಿಂಗಳು ಬೇಕಾಯ್ತು, ಮುಂದೆ ಹೇಳ್ತೀನಿ.

ನಡೆದಾದ ಮೇಲೆ ಕ್ರಿಟಿಕಲ್ ಲಿಸ್ಟ್ ಮಾಡಿ. ದೊಡ್ಡ ಪ್ಲಾಂಟಲ್ಲಿ ಸಾವಿರಾರು ಮಷೀನ್ ಇರತ್ತೆ, ಎಲ್ಲದರ ಹಿಂದೆ ಬಿದ್ರೆ ಹುಚ್ಚು ಹಿಡಿಯತ್ತೆ. ನಾನು ಕೇಳೋ ಪ್ರಶ್ನೆ ನಾಲ್ಕೇ, ಇದು ನಿಂತ್ರೆ ಕಿಲ್ನ್ (ಕಚ್ಚಾ ಪುಡಿ ಸುಡೋ, ತಿರುಗೋ ದೊಡ್ಡ ಕುಲುಮೆ) ನಿಲ್ಲತ್ತಾ, ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಇದೆಯಾ, ಸ್ಪೇರ್ ಸ್ಟೋರಲ್ಲಿದೆಯಾ ಇಲ್ಲ ಆರು ತಿಂಗಳು ಕಾಯ್ಬೇಕಾ, ಕೆಟ್ರೆ ಜನರ ಜೀವಕ್ಕೆ ತೊಂದರೆನಾ. ಕಿಲ್ನ್ ಮೇನ್ ಗೇರ್‌ಬಾಕ್ಸ್, ಪ್ರೀಹೀಟರ್ ಫ್ಯಾನ್, ಕೂಲರ್ ಇವೆಲ್ಲ ತಾನಾಗೇ ಮೇಲೆ ಬರ್ತವೆ. ಕೋಲ್ ಮಿಲ್ ಚಿಕ್ಕದು ಅನ್ಸಿದ್ರೂ ಬೆಂಕಿ, ಸ್ಫೋಟದ ರಿಸ್ಕ್ ಇರೋದ್ರಿಂದ ಮೇಲೇ ಇಡಿ. ಮೊದಲ ವರ್ಷಕ್ಕೆ 40 ಮಷೀನ್ ಸಾಕು. ಕನ್ಸಲ್ಟೆಂಟ್ ಬಂದು 5000 ಲೈನ್ ಎಕ್ಸೆಲ್ ಮಾಡ್ಕೊಡ್ತೀನಿ ಅಂತಾರೆ, ಚಾ ಕೊಟ್ಟು ಕಳಿಸಿ.

ಈಗ ಲೆಕ್ಕದ ವಿಷಯ. ಎಂಟಿಬಿಎಫ್ (ಒಂದು ಸಲ ಕೆಟ್ಟು ಮತ್ತೆ ಕೆಡೋವರೆಗಿನ ಸರಾಸರಿ ಗಂಟೆ) ಅಂತ ಎಲ್ರೂ ಬಡ್ಕೋತಾರೆ, ಓಡಿದ ಗಂಟೆ ಭಾಗಿಸು ನಿಂತ ಸಲ, ವರ್ಷದಲ್ಲಿ 7200 ಗಂಟೆ ಓಡಿ ಆರು ಸಲ ನಿಂತ್ರೆ 1200. ಪ್ರತಿ ಸಲ ರಿಪೇರಿಗೆ 8 ಗಂಟೆ ಹಿಡಿದ್ರೆ ಅವೈಲಬಿಲಿಟಿ (ಮಷೀನ್ ಓಡೋಕೆ ಸಿಗೋ ಸಮಯದ ಪಾಲು) 1200 ಭಾಗ 1208, ಅಂದ್ರೆ 99.3%. ಮೀಟಿಂಗಲ್ಲಿ ಚಂದ ಕಾಣತ್ತೆ. ಆದ್ರೆ ಸಿಮೆಂಟ್ ಪ್ಲಾಂಟಲ್ಲಿ ಇದು ಅರ್ಧ ಸುಳ್ಳು, ಯಾಕಂದ್ರೆ 8 ಗಂಟೆ ಕಿಲ್ನ್ ನಿಂತ್ರೆ ಬರೀ 8 ಗಂಟೆ ಹೋಗಲ್ಲ, ಒಳಗಿನ ಇಟ್ಟಿಗೆ ತಣ್ಣಗಾಗಿ ಬಿರುಕು ಬಿಡತ್ತೆ, ಪೂರ್ತಿ ತಣ್ಣಗಾಗಿದ್ರೆ ಮತ್ತೆ ಕಾಯಿಸಿ ಫೀಡ್ ಕೊಡೋಕೆ ಒಂದು ದಿನದ ಮೇಲೇ ಬೇಕು, ಮಧ್ಯ ಮಳೆ ಬಂತು ಅಂದ್ರೆ ಬಿಸಿ ಶೆಲ್ ಬಾಳೆಹಣ್ಣಿನ ಥರ ಬಾಗದೇ ಇರೋಕೆ ಆಕ್ಸಿಲರಿ ಡ್ರೈವಲ್ಲಿ ನಿಧಾನಕ್ಕೆ ತಿರುಗಿಸ್ತಾನೇ ಇರಬೇಕು. ಈ ಖರ್ಚೆಲ್ಲ ಎಂಟಿಬಿಎಫ್‌ನಲ್ಲಿ ಕಾಣಲ್ಲ.

ಅದಕ್ಕೆ ಸರಾಸರಿ ಬಿಟ್ಟು ಒಂದೊಂದು ಪಾರ್ಟ್ ಎಷ್ಟು ಗಂಟೆ ಬದುಕಿತ್ತು ಅಂತ ಪ್ರತ್ಯೇಕ ಬರ್ಕೊಳಿ. ವೈಬುಲ್ ಅನಾಲಿಸಿಸ್ ಅಂತ ಒಂದಿದೆ, ಸ್ವೀಡನ್ನಿನ ವಾಲೋಡಿ ವೈಬುಲ್ ಹೆಸರಲ್ಲಿ. ಅದ್ರಲ್ಲಿ ಬೀಟಾ ಅನ್ನೋ ನಂಬರ್ 1ಕ್ಕಿಂತ ಕಡಿಮೆ ಬಂದ್ರೆ ಹಾಕಿದ ಶುರುನಲ್ಲೇ ಹೋಗ್ತಿದೆ ಅಂತ, 1ರ ಹತ್ರ ಇದ್ರೆ ಯಾವಾಗ ಬೇಕಾದ್ರೂ ಹೋಗತ್ತೆ ಅಂತ, 1ಕ್ಕಿಂತ ಜಾಸ್ತಿ ಇದ್ರೆ ಸವೆತ ಅಂತ. ಆದ್ರೆ ಮೂರು ನಾಲ್ಕು ಡೇಟಾ ಇಟ್ಕೊಂಡು ಬೀಟಾ ತೆಗೆದು ಭಾಷಣ ಮಾಡಬೇಡಿ, ಅಷ್ಟಕ್ಕೆ ಕಣ್ಣೇ ಸಾಕು. ನಮ್ಮ ಆ ಕುಂಯ್ ಫ್ಯಾನಿನ ಒಂದೇ ಕಡೆಯ ಬೇರಿಂಗ್ ಮೂರು ಸಲ ಹೋಗಿತ್ತು, 2100, 1700, 1900 ಗಂಟೆ. ಅದಕ್ಕಿಂತ ಮುಂಚೆ ಅದೇ ಜಾಗದಲ್ಲಿ ಒಂದು ಬೇರಿಂಗ್ ಐದು ವರ್ಷ ಓಡಿದೆ. ಈ ನಾಲ್ಕು ನಂಬರ್ ಪಕ್ಕ ಪಕ್ಕ ಬರೆದ ತಕ್ಷಣ ಬೇರಿಂಗ್ ಕ್ವಾಲಿಟಿ ಸರಿ ಇಲ್ಲ ಅನ್ನೋ ವಾದ ಬಿತ್ತು, ಯಾಕಂದ್ರೆ ಮೂರೂ ಬೇರೆ ಬೇರೆ ಕಂಪನಿದು.

ಇಲ್ಲಿಂದ ಅಸಲಿ ಕೆಲಸ. ಕೆಟ್ಟ ಪಾರ್ಟ್ ಸ್ಕ್ರ್ಯಾಪ್‌ಗೆ ಹೋಗೋಕೆ ಬಿಡಬೇಡಿ. ಮೊದಲ ಎರಡು ಬೇರಿಂಗ್ ಗ್ಯಾಸ್ ಕಟರಲ್ಲಿ ಕತ್ತರಿಸಿ ಬಿಸಾಡಿದ್ರು, ಕಟರ್ ಹಿಡಿದ ಮೇಲೆ ಶಾಖಕ್ಕೆ ಬಣ್ಣ ಹೋಗತ್ತೆ ಗ್ರೀಸ್ ಸುಟ್ಟೋಗತ್ತೆ, ಸಾಕ್ಷಿ ನಾಶ. ಮೂರನೇದು ತೆಗೆಯೋವಾಗ ರಾತ್ರಿ 11ಕ್ಕೆ ನಾನೇ ಹೋಗಿ ನಿಂತೆ, ಫೋರ್‌ಮನ್‌ಗೆ ಸಿಟ್ಟು ಬಂತು, ಪರವಾಗಿಲ್ಲ. ಬಿಚ್ಚೋಕೆ ಮುಂಚೆ ಪೇಂಟ್ ಮಾರ್ಕರಲ್ಲಿ ಔಟರ್ ರಿಂಗ್ ಮೇಲ್ಭಾಗ ಯಾವುದು, ಮೋಟರ್ ಕಡೆ ಯಾವುದು ಅಂತ ಗುರುತು ಹಾಕಿ. ಫೋಟೋ ತೆಗೀರಿ. ಹೌಸಿಂಗ್ (ಬೇರಿಂಗ್ ಕೂತಿರೋ ಪೆಟ್ಟಿಗೆ) ಒಳಗಿನ ಗ್ರೀಸ್ ಒಂದು ಚಮಚ ಕವರಲ್ಲಿ ಹಾಕಿ. ಡೀಸೆಲಲ್ಲಿ ತೊಳೆಯೋ ಹುಡುಗ ಡಬ್ಬ ಹಿಡ್ಕೊಂಡು ಓಡಿ ಬರ್ತಾನೆ, ತಡೀರಿ, ನೋಡಿ ಫೋಟೋ ತೆಗೆದ ಮೇಲೇ ತೊಳೆಯೋದು.

ಬೇರಿಂಗ್ 22226, ಸ್ಪೆರಿಕಲ್ ರೋಲರ್, 115 ಎಂಎಂ ಶಾಫ್ಟ್ ಮೇಲೆ ಸ್ಲೀವ್ (ಶಾಫ್ಟಿಗೂ ಬೇರಿಂಗಿಗೂ ಮಧ್ಯ ಕೂರೋ ಓರೆ ಕೊಳವೆ) ಹಾಕಿ ಕೂರಿಸಿರೋದು. ಈ ಥರದ ಬೇರಿಂಗಲ್ಲಿ ಒಂದು ಅನುಕೂಲ ಇದೆ, ಔಟರ್ ರಿಂಗ್ ಓರೆಯಾಗಿ ತಿರುಗಿಸಿದ್ರೆ ಕತ್ತರಿಸದೇ ಒಳಗಿನ ಟ್ರ್ಯಾಕ್ ಪೂರ್ತಿ ಕಾಣತ್ತೆ. ತಿರುಗಿಸಿ ಟಾರ್ಚ್ ಹಾಕಿದೆ. ಎರಡು ಸಾಲು ರೋಲರ್ ಇರತ್ತಲ್ಲ, ಒಂದು ಸಾಲಿನ ಟ್ರ್ಯಾಕ್ ಸುತ್ತಲೂ ಸಿಪ್ಪೆ ಎದ್ದು ಹೋಗಿದೆ, ಕಪ್ಪಗೆ, ಉಗುರು ಆಡಿಸಿದ್ರೆ ಸಿಕ್ಕಾಕೊಳತ್ತೆ. ಪಕ್ಕದ ಸಾಲು ನೋಡಿದ್ರೆ ಹೊಸ ಸ್ಟೀಲ್ ಲೋಟದ ಥರ ಮಿಂಚ್ತಿದೆ, ರೋಲರ್ ಅದನ್ನ ಮುಟ್ಟೇ ಇಲ್ಲ ಅನ್ನೋ ಹಾಗೆ. ಫ್ಯಾನಿನ ಭಾರ ಬಿದ್ದು ಸವೆದಿದ್ರೆ ಎರಡೂ ಸಾಲಲ್ಲಿ ಕೆಳಭಾಗದಲ್ಲಿ ಗುರುತು ಇರಬೇಕಿತ್ತು. ಒಂದೇ ಸಾಲು, ಅದೂ ಸುತ್ತಲೂ ಅಂದ್ರೆ ಯಾವುದೋ ಬಲ ಶಾಫ್ಟನ್ನ ಉದ್ದಕ್ಕೆ ಪಕ್ಕಕ್ಕೆ ತಳ್ತಿದೆ.

ಆಗ ನೆನಪಾಗಿದ್ದು ಪಾಕೆಟ್ ನೋಟ್‌ಬುಕ್ಕು, ಗ್ಯಾಸ್ ಕಾದ ಮ್ಯಾಲ ಕುಂಯ್ ಅಂತದ. ಸ್ಟೀಲು ಒಂದು ಮೀಟರಿಗೆ ಒಂದು ಡಿಗ್ರಿಗೆ 0.012 ಎಂಎಂ ಹಿಗ್ಗತ್ತೆ. ಎರಡು ಬೇರಿಂಗ್ ಮಧ್ಯ 3 ಮೀಟರ್ ಶಾಫ್ಟ್, ಸರಾಸರಿ 80 ಡಿಗ್ರಿ ಕಾದ್ರೆ ಹತ್ತಿರ ಹತ್ತಿರ 3 ಎಂಎಂ. ಈ 3 ಎಂಎಂ ಎಲ್ಲಿಗಾದ್ರೂ ಹೋಗ್ಬೇಕಲ್ಲ, ಅದಕ್ಕೇ ಒಂದು ಕಡೆ ಬೇರಿಂಗನ್ನ ಹೌಸಿಂಗ್ ಒಳಗೆ ಲೊಕೇಟಿಂಗ್ ರಿಂಗ್ ಹಾಕಿ ಬಿಗಿ ಮಾಡ್ತಾರೆ, ಇನ್ನೊಂದು ಕಡೆ ರಿಂಗ್ ಇಲ್ಲದೇ ಜಾರೋಕೆ ಬಿಡ್ತಾರೆ. ನಮ್ಮಲ್ಲಿ ಜಾರಬೇಕಾದ ಕಡೆ ಹೌಸಿಂಗಲ್ಲೂ ಎರಡು ರಿಂಗ್ ಇತ್ತು! ಹೌಸಿಂಗ್ ಬದಲಾಯಿಸಿದಾಗ ರಿಂಗುಗಳು ಕಿಟ್ ಜೊತೆ ಪ್ಯಾಕೆಟಲ್ಲಿ ಬಂದಿದ್ವು, ಬಂದಿದೆ ಅಂದ್ರೆ ಹಾಕ್ಬೇಕು ಅಂತ ಹಾಕಿಬಿಟ್ಟಿದಾರೆ. ಶಾಫ್ಟ್ ಹಿಗ್ಗಿ ಜಾಗ ಸಿಗದೇ ಒಂದು ಸಾಲು ರೋಲರ್ ಮೇಲೆ ಒರಗಿಕೊಂಡಿದೆ. ರೋಲರ್ ಬೇರಿಂಗಲ್ಲಿ ಲೋಡ್ ಡಬಲ್ ಆದ್ರೆ ಲೆಕ್ಕದ ಆಯಸ್ಸು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯತ್ತೆ, ಇಲ್ಲಿ ಡಬಲ್‌ಗಿಂತ ಎಷ್ಟು ಜಾಸ್ತಿ ಇತ್ತೋ.

ಇಲ್ಲಿ ಒಂದು ಎಡವಟ್ಟು ಮಾಡ್ಬೇಡಿ. ರಿಪೋರ್ಟಲ್ಲಿ "ಫಿಟ್ಟರ್ ತಪ್ಪು" ಅಂತ ಬರೆದು ನಿಲ್ಲಿಸಿದ್ರೆ ಮುಂದಿನ ಸಲ ಯಾರೂ ನಿಮಗೆ ನಿಜ ಹೇಳಲ್ಲ. ಇನ್ನೆರಡು ಸಲ ಯಾಕೆ ಅಂತ ಕೇಳಿ. ಹಾಕಿದವನಿಗೆ ಯಾವ ಕಡೆ ಫಿಕ್ಸ್ ಯಾವ ಕಡೆ ಫ್ರೀ ಅಂತ ಹೇಳೋ ಡ್ರಾಯಿಂಗೇ ಇರಲಿಲ್ಲ, ಡ್ರಾಯಿಂಗ್ ಆಫೀಸಿನ ಬೀರುವಲ್ಲಿತ್ತು, ಬೀರು ಕೀಲಿ ರಿಟೈರ್ ಆದೋರ ಹತ್ರ. ನಾವು ಮಾಡಿದ್ದು ಇಷ್ಟು, ಎಲ್ಲ ಬಿಸಿ ಫ್ಯಾನ್‌ಗಳ ಹೌಸಿಂಗ್ ಮೇಲೆ ದೊಡ್ಡದಾಗಿ "ಫಿಕ್ಸ್", "ಫ್ರೀ" ಅಂತ ಪೇಂಟ್ ಬರೆಸಿದ್ವಿ, ಮತ್ತೆ ಫಿಟ್ ಮಾಡೋವಾಗ ತುಂಬೋ ಒಂದು ಪುಟದ ಶೀಟ್ ಮಾಡಿದ್ವಿ. ಅದ್ರಲ್ಲಿ ಫ್ರೀ ಕಡೆ ಎರಡೂ ಬದಿ ಎಷ್ಟು ಗ್ಯಾಪ್ ಇದೆ, ಸ್ಲೀವ್ ಬಿಗಿ ಮಾಡೋಕೆ ಮುಂಚೆ ಫೀಲರ್ ಗೇಜಲ್ಲಿ (ಸಂದಿ ಅಳೆಯೋ ತೆಳು ತಗಡು) ಕ್ಲಿಯರೆನ್ಸ್ (ರೋಲರಿಗೂ ರಿಂಗಿಗೂ ಮಧ್ಯದ ಸಂದಿ) ಎಷ್ಟು, ಆಮೇಲೆ ಎಷ್ಟು ಅಂತ ಕಾಲಂ. ಈ ಸೈಜಿಗೆ ಕ್ಲಿಯರೆನ್ಸ್ 65ರಿಂದ 90 ಮೈಕ್ರಾನ್ ಕಡಿಮೆ ಆಗೋವರೆಗೆ ಬಿಗಿ ಮಾಡ್ಬೇಕು ಅಂತ ಬೇರಿಂಗ್ ಕಂಪನಿಯ ಟೇಬಲ್ಲಲ್ಲೇ ಇದೆ, ನಮ್ಮವರು ಸುತ್ತಿಗೆ ಸದ್ದು ಕೇಳಿ ಅಂದಾಜಲ್ಲಿ ಬಿಗಿ ಮಾಡ್ತಿದ್ರು.

ಅಂದಹಾಗೆ ಫ್ಯಾನ್ ಒಳಗೆ ಕೈ ಹಾಕೋ ಮುಂಚೆ ಒಂದು ಮಾತು. ಮೋಟರ್ ಲಾಕ್ ಮಾಡಿ ಟ್ಯಾಗ್ ಹಾಕಿದ್ರೆ ಮುಗೀತು ಅಂದ್ಕೋಬೇಡಿ, ಡ್ಯಾಂಪರ್ (ಗ್ಯಾಸ್ ದಾರಿಯ ಬಾಗಿಲು) ಸ್ವಲ್ಪ ತೆರೆದಿದ್ರೂ ಗಾಳಿ ಎಳೆತಕ್ಕೆ ಇಂಪೆಲ್ಲರ್ (ಫ್ಯಾನಿನ ಬ್ಲೇಡ್ ಚಕ್ರ) ತಾನಾಗೇ ತಿರುಗತ್ತೆ. ಡ್ಯಾಂಪರ್ ಮುಚ್ಚಿ ಲಾಕ್, ಇಂಪೆಲ್ಲರ್‌ಗೆ ಅಡ್ಡ ಕಟ್ಟಿ, ಆಮೇಲೆ ಕೈ.

ವೈಬ್ರೇಶನ್ ಬಗ್ಗೆ ಇಂಟರ್‌ನೆಟ್ ತುಂಬ ಇದೆ, ನಾನು ಪ್ರಾಕ್ಟಿಕಲ್ ಮಾತ್ರ ಹೇಳ್ತೀನಿ. ಪ್ರತಿ ಸಲ ಒಂದೇ ಜಾಗದಲ್ಲಿ, ಹತ್ರ ಹತ್ರ ಒಂದೇ ಲೋಡಲ್ಲಿ ರೀಡಿಂಗ್ ತಗೊಳಿ, ಇಲ್ಲಾಂದ್ರೆ ಟ್ರೆಂಡ್‌ಗೆ ಅರ್ಥ ಇಲ್ಲ. ಜಾಗಕ್ಕೆ ಪೇಂಟ್ ಚುಕ್ಕೆ ಇಡಿ. ನಮ್ಮ ಹುಡುಗ ಒಬ್ಬ ಆಯುಧಪೂಜೆಲಿ ಹಚ್ಚಿದ ಕುಂಕುಮದ ಬೊಟ್ಟನ್ನೇ ಪಾಯಿಂಟ್ ಅಂದ್ಕೊಂಡು ಒಂದು ತಿಂಗಳು ಅಲ್ಲೇ ರೀಡಿಂಗ್ ತಗೊಂಡಿದ್ದ, ಬೊಟ್ಟು ಒರೆಸಿ ಹೋದ ವಾರದಿಂದ ಗ್ರಾಫ್ ಎಲ್ಲೆಲ್ಲೋ ಹೋಯ್ತು. ಹಾರಿಝಾಂಟಲ್, ವರ್ಟಿಕಲ್, ಆಕ್ಸಿಯಲ್ (ಶಾಫ್ಟ್ ಉದ್ದಕ್ಕೆ) ಮೂರೂ ಬೇಕು. ಕುಂಯ್ ಫ್ಯಾನಿನ ಹಳೇ ಶೀಟಲ್ಲಿ ಆಕ್ಸಿಯಲ್ ಕಾಲಂ ವರ್ಷಗಟ್ಟಲೆ ಖಾಲಿ, ಗಾರ್ಡ್ ಅಡ್ಡ ಬರತ್ತೆ ಅಂತ ತಗೊಂಡೇ ಇರಲಿಲ್ಲ. ಶಾಫ್ಟ್ ಉದ್ದಕ್ಕೆ ತಳ್ತಿದ್ರೆ ಮೊದಲು ಕಾಣೋ ಚಾನ್ಸ್ ಇದ್ದಿದ್ದೇ ಆ ಕಾಲಮಲ್ಲಿ. ಗಾರ್ಡಿಗೆ ಒಂದು ಸಣ್ಣ ಕಿಂಡಿ ಮಾಡಿಸಿದ್ರೆ ಮುಗೀತಿತ್ತು.

ಎಷ್ಟಿದ್ರೆ ಜಾಸ್ತಿ ಅಂತ ಕೇಳಿದ್ರೆ, ಐಎಸ್‌ಒ ಸ್ಟ್ಯಾಂಡರ್ಡಲ್ಲಿ 300 ಕಿಲೋವ್ಯಾಟ್ ಮೇಲಿನ ದೊಡ್ಡ ಮಷೀನ್ ಗಟ್ಟಿ ಫೌಂಡೇಶನ್ ಮೇಲಿದ್ರೆ ಸೆಕೆಂಡಿಗೆ 4.5 ಎಂಎಂ ದಾಟಿದ್ರೆ ಬಹಳ ದಿನ ಓಡಿಸಬೇಡಿ, 7.1 ದಾಟಿದ್ರೆ ಡ್ಯಾಮೇಜ್ ಆಗ್ತಿದೆ ಅಂತ. ಆದ್ರೆ 2ರಲ್ಲಿ ಇದ್ದಿದ್ದು ಎರಡು ವಾರದಲ್ಲಿ 4 ಆದ್ರೆ ಅದು ಯಾವಾಗ್ಲೂ 5ರಲ್ಲಿ ಓಡ್ತಿರೋ ಮಷೀನಿಗಿಂತ ನಂಗೆ ಜಾಸ್ತಿ ಭಯ. ಬಿಸಿ ಗ್ಯಾಸ್ ಫ್ಯಾನಲ್ಲಿ ಬ್ಲೇಡಿಗೆ ಧೂಳು ಕಟ್ಟಿ ಕೋಟಿಂಗ್ ಆಗತ್ತೆ, ಆ ಹೆಪ್ಪು ಒಂದು ತುಂಡು ಉದುರಿದ್ರೆ ವೈಬ್ರೇಶನ್ ಒಂದೇ ಏಟಿಗೆ ಜಿಗಿಯತ್ತೆ. ಆಗ ಬ್ಯಾಲೆನ್ಸಿಂಗ್ ಪಾರ್ಟಿ ಕರೆಸೋಕೆ ಮುಂಚೆ ಬ್ಲೇಡ್ ಕ್ಲೀನ್ ಮಾಡ್ಸಿ. ಕೊಳೆ ಇರೋ ಇಂಪೆಲ್ಲರ್‌ಗೆ ವೆಯ್ಟ್ ವೆಲ್ಡ್ ಮಾಡಿದ್ರೆ ನೀವು ಕೊಳೆನ ಬ್ಯಾಲೆನ್ಸ್ ಮಾಡ್ದಂಗೆ, ನಾಳೆ ಅದು ಉದುರತ್ತೆ. ವೆಲ್ಡ್ ಮಾಡೋವಾಗ ಅರ್ಥ್ ಕ್ಲ್ಯಾಂಪ್ ಇಂಪೆಲ್ಲರ್‌ಗೇ ಹಾಕಿಸಿ. ದೂರದ ಸ್ಟ್ರಕ್ಚರಿಗೆ ಹಾಕಿದ್ರೆ ಕರೆಂಟು ಬೇರಿಂಗ್ ಮೂಲಕ ಹಾದು ರೋಲರ್ ಮೇಲೆ ಸಣ್ಣ ಸಣ್ಣ ಗುಳಿ ಬೀಳತ್ತೆ.

ಗ್ರೀಸು. ನಮ್ಮಲ್ಲಿ ಪ್ರೀತಿ ಜಾಸ್ತಿ, ಸೀಲಿಂದ ಹೊರಗೆ ಬರೋವರೆಗೂ ಹೊಡೀತಾರೆ. ಜಾಸ್ತಿ ಗ್ರೀಸ್ ಅಂದ್ರೆ ಒಳಗೆ ಕಡೆದು ಕಡೆದು ಬಿಸಿ, ಬಿಸಿ ಆಗಿದೆ ಅಂತ ಇನ್ನಷ್ಟು ಗ್ರೀಸ್. ಸುಲಭದ ಲೆಕ್ಕ ಇದೆ, ಬೇರಿಂಗ್ ಹೊರಗಿನ ವ್ಯಾಸ ಗುಣಿಸು ಅಗಲ, ಎರಡೂ ಎಂಎಂನಲ್ಲಿ, ಗುಣಿಸು 0.005, ಅಷ್ಟು ಗ್ರಾಂ. 22226ಕ್ಕೆ 230 ಗುಣಿಸು 64 ಗುಣಿಸು 0.005, ಅಂದ್ರೆ ಸುಮಾರು 74 ಗ್ರಾಂ. ಆಮೇಲೆ ನಿಮ್ಮ ಗ್ರೀಸ್ ಗನ್ ಒಂದು ಹೊಡೆತಕ್ಕೆ ಎಷ್ಟು ಗ್ರಾಂ ಬಿಡತ್ತೆ ಅಂತ ಕ್ಯಾಂಟೀನ್ ತಕ್ಕಡಿಲಿ ಹತ್ತು ಹೊಡೆತ ತೂಗಿ ನೋಡಿ, ಪ್ರತಿ ಗನ್ ಬೇರೆ ಬೇರೆ. ನಂಬರ್ ಗನ್ ಮೇಲೇ ಬರೀರಿ. ಗ್ರೀಸ್ ಹುಡುಗನಿಗೆ ಗ್ರಾಂ ಅಲ್ಲ ಹೊಡೆತದ ಲೆಕ್ಕ ಕೊಡಿ.

ಆಯಿಲ್ ಗೇರ್‌ಬಾಕ್ಸಿಗೆ ಹೋಗೋ ಮುಂಚೆನೇ ಹಾಳಾಗಿರತ್ತೆ, ಇದು ಬಹಳ ಜನ ನಂಬಲ್ಲ. ಮಳೆಗಾಲದಲ್ಲಿ ಸ್ಟೋರ್ ಹಿಂದೆ ಹೋಗಿ ನೋಡಿ, ಬ್ಯಾರೆಲ್ಲು ಬಯಲಲ್ಲಿ ನಿಲ್ಲಿಸಿರ್ತಾರೆ, ಮೇಲೆ ತಟ್ಟೆಲಿ ನಿಂತ ಹಾಗೆ ಮಳೆ ನೀರು. ಹಗಲು ಬ್ಯಾರೆಲ್ ಕಾದು ಒಳಗಿನ ಗಾಳಿ ಹೊರಗೆ, ರಾತ್ರಿ ತಣ್ಣಗಾಗಿ ಒಳಗೆ ಎಳ್ಕೊಳೋವಾಗ ಗಾಳಿ ಜೊತೆ ಮುಚ್ಚಳದ ಸಂದಿಂದ ಆ ನೀರೂ. ಶೆಡ್ ಇಲ್ಲಾಂದ್ರೆ ಬ್ಯಾರೆಲ್ ಅಡ್ಡ ಮಲಗಿಸಿ, ಎರಡು ಮುಚ್ಚಳ ಒಂದೇ ಮಟ್ಟದಲ್ಲಿ ಎಣ್ಣೆ ಕೆಳಗೆ ಇರೋ ಹಾಗೆ. ನೀರಿದೆಯಾ ಅಂತ ನೋಡೋಕೆ ಬಿಸಿ ತವಾ ಥರದ ಪ್ಲೇಟ್ ಮೇಲೆ ಎರಡು ಹನಿ ಹಾಕಿ, ಒಗ್ಗರಣೆ ಥರ ಚಟಪಟ ಅಂದ್ರೆ ನೀರಿದೆ, ಕನ್ನಡಕ ಹಾಕ್ಕೊಂಡು ಮಾಡಿ. ಲ್ಯಾಬಿಗೆ ಸ್ಯಾಂಪಲ್ ಕಳಿಸೋದಾದ್ರೆ ಗೇರ್‌ಬಾಕ್ಸ್ ಓಡ್ತಿರೋವಾಗ ಪ್ರತಿ ಸಲ ಒಂದೇ ಪಾಯಿಂಟಿಂದ, ತಳದ ಡ್ರೈನಿಂದ ಮಾತ್ರ ಬೇಡ, ಅಲ್ಲಿ ಹತ್ತು ವರ್ಷದ ಕೆಸರು ಕೂತಿರತ್ತೆ. ಗೇರ್‌ಬಾಕ್ಸ್ ಬ್ರೀದರ್ (ಗಾಳಿ ಒಳಗೆ ಹೊರಗೆ ಹೋಗೋ ಕಿಂಡಿ) ಕಡೆನೂ ಕಣ್ಣಿರಲಿ, ನಮ್ಮದು ಧೂಳಿನ ಊರು.

ಪಿಎಂ ಶೆಡ್ಯೂಲ್ (ಕೆಡೋಕೆ ಮುಂಚೆನೇ ಮಾಡೋ ಮೆಂಟೆನೆನ್ಸ್ ಪಟ್ಟಿ) ನೋಡಿದ್ರೆ ಕೈ ಹಾಕೋ ಆಸೆ ಬರತ್ತೆ, ಬರಬೇಕು. ವರ್ಷಕ್ಕೊಂದ್ಸಲ ಎಲ್ಲ ಬಿಚ್ಚಿ ಜೋಡಿಸೋದು ಒಳ್ಳೇದು ಅನ್ನೋ ನಂಬಿಕೆ ಇದೆ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ವಿಮಾನದ ಪಾರ್ಟುಗಳ ಬಗ್ಗೆ ಕೊಟ್ಟ ವರದಿ ಪ್ರಕಾರ ವಯಸ್ಸಾಗಿ ಕೆಡೋ ಥರದವು ಬರೀ 11%, ಹಾಕಿದ ಹೊಸದರಲ್ಲೇ ಕೆಡೋ ಚಾನ್ಸ್ ಜಾಸ್ತಿ ಇರೋ ಥರದವು 68%. ಸಿಮೆಂಟ್ ಪ್ಲಾಂಟಿಗೆ ಇದೇ ನಂಬರ್ ಹೊಂದಲ್ಲ, ನಮ್ಮಲ್ಲಿ ಸವೆತ ನಿಜವಾಗ್ಲೂ ಜಾಸ್ತಿ, ಕ್ರಷರ್ ಹ್ಯಾಮರ್, ಲೈನರ್ ಇವಕ್ಕೆಲ್ಲ ಗಂಟೆ ಲೆಕ್ಕದಲ್ಲಿ ಬದಲಾಯಿಸೋದೇ ಸರಿ. ಆದ್ರೆ ಚೆನ್ನಾಗಿ ಓಡ್ತಿರೋ ಪಂಪ್ ಕ್ಯಾಲೆಂಡರ್ ನೋಡಿ ಬಿಚ್ಚೋದು ನಾವೇ ಕೈಯಾರೆ ಹೊಸ ರೋಗ ತಂದಂಗೆ. ಇನ್‌ಸ್ಪೆಕ್ಷನ್ ಎಷ್ಟು ದಿನಕ್ಕೊಮ್ಮೆ ಅಂದ್ರೆ, ತೊಂದರೆ ಕಣ್ಣಿಗೆ ಬಿದ್ದ ದಿನದಿಂದ ಮಷೀನ್ ನಿಲ್ಲೋವರೆಗೆ ಎಷ್ಟು ಟೈಮ್ ಸಿಗತ್ತೋ ಅದರ ಅರ್ಧ. ಸ್ಟ್ಯಾಂಡ್‌ಬೈ ಪಂಪ್‌ಗಳನ್ನ ವಾರಕ್ಕೊಮ್ಮೆ ಕೈಯಲ್ಲಿ ಕಾಲು ಸುತ್ತು ತಿರುಗಿಸಿ, ಪಕ್ಕದ ಮಷೀನ್ ನಡುಕಕ್ಕೆ ನಿಂತಲ್ಲೇ ಬೇರಿಂಗಲ್ಲಿ ರೋಲರ್ ಗುರುತು ಬೀಳತ್ತೆ.

ಕಡೇದಾಗಿ ಪ್ರೊಡಕ್ಷನ್‌ನವರ ಹತ್ರ ಶಟ್‌ಡೌನ್ ಕೇಳೋದು, ಇದೇ ಎಲ್ಲಕ್ಕಿಂತ ಕಷ್ಟ. ವೈಬ್ರೇಶನ್ 6.3 ಎಂಎಂ ಇದೆ ನಿಲ್ಲಿಸಿ ಅಂದ್ರೆ ಯಾರೂ ನಿಲ್ಲಿಸಲ್ಲ. ದಿನಕ್ಕೆ 5000 ಟನ್ ಕಿಲ್ನ್ ಅಂದ್ರೆ ಗಂಟೆಗೆ 208 ಟನ್ ಕ್ಲಿಂಕರ್ (ಕಿಲ್ನಿಂದ ಬರೋ ಗಟ್ಟಿ ಉಂಡೆ, ಇದನ್ನ ಅರೆದೇ ಸಿಮೆಂಟ್), ಟನ್ನಿಗೆ ಎಷ್ಟು ದುಡ್ಡು ಅಂತ ಅಕೌಂಟ್ಸ್‌ನವರನ್ನ ಕೇಳ್ಕೊಂಡು ಹೋಗಿ. ಭಾನುವಾರ 10 ಗಂಟೆ ಕೊಟ್ರೆ ಇಷ್ಟು ಹೋಗತ್ತೆ, ಬುಧವಾರ ತಾನಾಗೇ ನಿಂತ್ರೆ 40 ಗಂಟೆ ಜೊತೆಗೆ ಇಟ್ಟಿಗೆ, ನೀವೇ ಹೇಳಿ ಅಂತ ಪೇಪರ್ ಮುಂದಿಟ್ಟು ಸುಮ್ನೆ ಕೂತ್ಕೊಳಿ. ಒಂದು ಸಲ ತಪ್ಪು ಅಲಾರಂ ಕೊಟ್ರೆ ಆರು ತಿಂಗಳು ಆಡ್ಕೋತಾರೆ, ನಂಗೂ ಆಗಿದೆ, ಸಡಿಲ ಸೆನ್ಸರ್ ಬೋಲ್ಟ್ ನಂಬಿ ಮಿಲ್ ನಿಲ್ಲಿಸಿದ್ದೆ. ಅದಕ್ಕೇ ಈಗ ಆನ್‌ಲೈನ್ ಸೆನ್ಸರ್ ಜಾಸ್ತಿ ತೋರಿಸಿದ್ರೆ ಮೊದಲು ಹ್ಯಾಂಡ್ ಮೀಟರ್ ತಗೊಂಡು ಓಡ್ತೀನಿ.

ಆ ಫ್ಯಾನ್ ರಿಂಗ್ ತೆಗೆದ ಮೇಲೆ ನಾನು ಆ ಪ್ಲಾಂಟ್ ಬಿಡೋವರೆಗೂ, ಅಂದ್ರೆ ಹತ್ರ ಹತ್ರ ಮೂರು ವರ್ಷ, ಅದೇ ಬೇರಿಂಗಲ್ಲಿ ಓಡ್ತಿತ್ತು. ಕುಂಯ್ ಅನ್ನೋದೂ ನಿಂತಿತ್ತು. ತೆಗೆದ ಎರಡು ರಿಂಗಲ್ಲಿ ಒಂದು ಈಗ್ಲೂ ನನ್ನ ಟೇಬಲ್ ಮೇಲೆ ಪೇಪರ್ ಹಾರದ ಹಾಗೆ ಇಟ್ಕೊಂಡಿದೀನಿ, ಇನ್ನೊಂದು ಆ ಫಿಟ್ಟರ್ ಮನೆಗೆ ತಗೊಂಡು ಹೋದ, ಯಾಕೆ ಅಂತ ಕೇಳಿದ್ದಕ್ಕೆ "ಇರ್ಲಿ ಬಿಡ್ರಿ ಸರ, ಬಿಸಿ ಗಡಿಗಿ ಇಡ್ಲಿಕ್ಕ ಆಗ್ತದ" ಅಂದ.